ಬೋಲ್ಟಿಗೆ ಗ್ರೀಸೋ, ಅಂಟೋ, ಒಣಗಲೋ?

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಗೇರ್ ಸೈಕಲ್ ಅರ್ಧಂಬರ್ಧ ಜೋಡಿಸಿದ ಸ್ಥಿತಿಯಲ್ಲಿ ಬಾಕ್ಸಿನಲ್ಲಿ ಬಂತು. ಪೆಡಲ್, ಹ್ಯಾಂಡಲ್, ಸೀಟು, ಮುಂದಿನ ಚಕ್ರ, ಕ್ಯಾರಿಯರ್ ಎಲ್ಲ ನಾನೇ ಹಾಕಿಕೊಂಡೆ. ಮೂರು ವಾರ ಆಗುವಷ್ಟರಲ್ಲಿ ಎಡಗಡೆ ಪೆಡಲ್ ಅಲ್ಲಾಡತೊಡಗಿತು, ಈಗ ಎಷ್ಟು ತಿರುಗಿಸಿದರೂ ಬಿಗಿಯಾಗುತ್ತಿಲ್ಲ. ಎಡ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಕೂಡ ತುಳಿದಾಗಲೆಲ್ಲ ಟಕ್ ಟಕ್ ಅನ್ನುತ್ತದೆ. ಒಬ್ಬರು ‘ಎಲ್ಲಾ ಬೋಲ್ಟಿಗೂ ಗ್ರೀಸ್ ಹಚ್ಚಿ’ ಅನ್ನುತ್ತಾರೆ. ಇನ್ನೊಬ್ಬರು ‘ಗ್ರೀಸ್ ಹಚ್ಚಿದರೆ ಲೂಸ್ ಆಗುತ್ತೆ, ಥ್ರೆಡ್ಡಿನ ಅಂಟು ಲಾಕ್‌ಟೈಟ್ ಹಾಕಿ’ ಅನ್ನುತ್ತಾರೆ. ಮನೆಯಲ್ಲಿರುವ ಅಪ್ಪನ ಹಳೇ ಕಪ್ಪು ಸೈಕಲ್ಲಿಗೂ ಇದೇ ಲೆಕ್ಕವೇ? ಮಳೆ ನಿಂತ ಮೇಲೆ ಮುಳ್ಳಯ್ಯನಗಿರಿ ಹತ್ತಿಳಿಯುವ ಆಸೆ ಇದೆ.
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಇಬ್ಬರೂ ಹೇಳಿದ್ದರಲ್ಲಿ ಹುರುಳಿದೆ, ಆದರೆ ‘ಎಲ್ಲಾ ಬೋಲ್ಟಿಗೂ’ ಅನ್ನುವ ಮಾತು ಮಾತ್ರ ಇಬ್ಬರದ್ದೂ ತಪ್ಪು. ಗ್ರೀಸ್ ಹಚ್ಚಿದರೆ ಬೋಲ್ಟ್ ಲೂಸ್ ಆಗುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಿಸಿಕೊಳ್ಳೋಣ, ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಬೋಲ್ಟ್ ಕೂತಲ್ಲೇ ಕೂರುವುದು ಅದು ಒಣಗಿರುವುದರಿಂದಲ್ಲ, ಎಳೆದುಕೊಂಡಿರುವುದರಿಂದ. ಬಿಗಿ ಮಾಡಿದಾಗ ಅದರ ದಂಡ ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ, ವಾಪಸು ಕುಗ್ಗಲು ನೋಡುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಜೀಪಿನ ಮೇಲೆ ಕಾಫಿ ಮೂಟೆ ಕಟ್ಟಿದ ಹಗ್ಗದ ಹಾಗೆ: ಜಗ್ಗಿ ಕಟ್ಟಿದ್ದರೆ ಎಂಥ ಗುಂಡಿಗೂ ಮೂಟೆ ಜರುಗುವುದಿಲ್ಲ, ಸಡಿಲವಿದ್ದರೆ ಗಂಟು ಎಷ್ಟು ಭದ್ರವಾಗಿದ್ದರೂ ಪ್ರಯೋಜನವಿಲ್ಲ. ಈಗ ನೀವು ಪಾನಾ ಹಿಡಿದು ಹಾಕುವ ಬಲ ಎಲ್ಲಿ ಹೋಗುತ್ತದೆ ನೋಡಿ. ಸುಮಾರು ಅರ್ಧದಷ್ಟನ್ನು ಬೋಲ್ಟಿನ ತಲೆಯ ಕೆಳಗಿನ ತಿಕ್ಕಾಟ ತಿನ್ನುತ್ತದೆ, ಶೇ. 40ರಷ್ಟು ಥ್ರೆಡ್ಡಿನ ತಿಕ್ಕಾಟಕ್ಕೆ ಹೋಗುತ್ತದೆ. ನಿಜವಾಗಿ ಬೋಲ್ಟನ್ನು ಎಳೆಯುವುದು ಉಳಿದ ಶೇ. 10 ಮಾತ್ರ. ಥ್ರೆಡ್ ಒಣಗಿದ್ದರೆ, ಮೇಲೆ ತುಕ್ಕು, ಪೇಂಟು ಇದ್ದರೆ, ಈ ಹತ್ತೂ ಸಿಗುವುದಿಲ್ಲ. ಕೈಗೆ ‘ಟೈಟ್ ಆಯ್ತು’ ಅನ್ನಿಸುತ್ತದೆ, ಬೋಲ್ಟ್ ಎಳೆದುಕೊಂಡೇ ಇರುವುದಿಲ್ಲ. ನಾಲ್ಕು ದಿನ ರಸ್ತೆಯ ಅದುರು ತಿಂದ ಮೇಲೆ ಲೂಸ್.

ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯೂಂಕರ್ 1969ರಲ್ಲಿ ತೋರಿಸಿಕೊಟ್ಟದ್ದೂ ಇದಕ್ಕೆ ಹತ್ತಿರದ್ದೇ. ಜೋಡಿಸಿದ ಭಾಗಗಳು ಅಡ್ಡಡ್ಡಲಾಗಿ ಒಂದಿಷ್ಟು ಜಾರಲು ಸಾಧ್ಯವಾದರೆ ಸಾಕು, ಬೋಲ್ಟ್ ತನ್ನಷ್ಟಕ್ಕೆ ಹಿಂದಕ್ಕೆ ತಿರುಗುತ್ತದೆ. ಜಾರದಷ್ಟು ಒತ್ತಿ ಹಿಡಿದಿದ್ದರೆ ತಿರುಗುವುದಿಲ್ಲ. ನಮ್ಮಲ್ಲಿ ಎಲ್ಲರೂ ನಂಬುವ ಸ್ಪ್ರಿಂಗ್ ವಾಷರ್ ಇಂಥ ಪರೀಕ್ಷೆಯಲ್ಲಿ ಹೆಚ್ಚೇನೂ ಸಹಾಯ ಮಾಡುವುದಿಲ್ಲ. ಬಿಗಿ ಮಾಡಿದ ಕೂಡಲೇ ಅದು ಚಪ್ಪಟೆಯಾಗಿ ಮಾಮೂಲಿ ವಾಷರ್ ಆಗಿಬಿಡುತ್ತದೆ. ಸೈಕಲ್ ಜೊತೆ ಬಂದಿದ್ದರೆ ಹಾಕಿಕೊಳ್ಳಿ, ಅದರ ಮೇಲೆ ಭಾರ ಹಾಕಬೇಡಿ.

ಹಾಗಾಗಿ ಮೂಲ ನಿಯಮ: ಲೋಹದ ಥ್ರೆಡ್ ಲೋಹಕ್ಕೆ ಹೋಗುವಲ್ಲೆಲ್ಲ ಗ್ರೀಸ್ ಹಚ್ಚಿ, ಹೇಳಿದ ಟಾರ್ಕಿಗೆ (ತಿರುಗಿಸುವ ಬಲದ ಅಳತೆ, ನ್ಯೂಟನ್ ಮೀಟರಿನಲ್ಲಿ) ಬಿಗಿ ಮಾಡಿ. ಅಂಟು ಬೇಕಾಗುವುದು ಸಣ್ಣ ಬೋಲ್ಟುಗಳಿಗೆ, ಅಂದರೆ ಬಿಗಿಯಾಗಿ ಎಳೆಯಲು ಆಗದ, ಆದರೆ ಸದಾ ಅದುರುವ ಜಾಗಕ್ಕೆ. ಒಂದೇ ಬೋಲ್ಟಿಗೆ ಗ್ರೀಸೂ ಅಂಟೂ ಎರಡನ್ನೂ ಹಾಕಬೇಡಿ, ಗ್ರೀಸಿನ ಮೇಲೆ ಅಂಟು ಹಿಡಿಯುವುದಿಲ್ಲ.

ಗ್ರೀಸ್ ಅಂದರೆ ದುಬಾರಿ ಡಬ್ಬಿಯೇ ಆಗಬೇಕಿಲ್ಲ. ಲಾರಿ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಎಪಿ-3 ಲಿಥಿಯಂ ಗ್ರೀಸ್ ಸಾಕು. ಅರ್ಧ ಕೆ.ಜಿ. ಡಬ್ಬ ಮನೆಮಂದಿಯ ಸೈಕಲ್ಲುಗಳಿಗೆಲ್ಲ ವರ್ಷಗಟ್ಟಲೆ ಬರುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡಿ. 24 ಡಿಗ್ರಿ ಆಸುಪಾಸಿಗೆ ಇಳಿದರೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ನಿಮ್ಮೂರ ಬಚ್ಚಲಮನೆಯ ಬಾಟಲಿ ನೋಡಿದರೆ ಗೊತ್ತಾಗುತ್ತದೆ. ಹಳತಾದರೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಡಬ್ಲ್ಯುಡಿ-40 ನೀರು ಓಡಿಸಲು, ತುಕ್ಕು ಬಿಡಿಸಲು ಒಳ್ಳೆಯದು, ಆದರೆ ಗ್ರೀಸಿನ ಬದಲಿಗೆ ಬರುವಂಥದ್ದಲ್ಲ.

ಪೆಡಲಿನ ವಿಷಯ

ನಿಮ್ಮ ಎಡ ಪೆಡಲಿಗೆ ಬರೋಣ. ಎಡಗಡೆಯದ್ದು ಉಲ್ಟಾ ಥ್ರೆಡ್. ದಂಡದ ತುದಿಯಲ್ಲಿ ಎಲ್, ಆರ್ ಎಂದು ಕೊರೆದಿರುತ್ತದೆ, ಕೈಗೆ ತೆಗೆದುಕೊಂಡಾಗ ಮೊದಲು ಅದನ್ನು ನೋಡಿ. ಬಿಗಿ ಮಾಡುವ ದಿಕ್ಕು ಮರೆತುಹೋಗುತ್ತದೆ ಅನ್ನುವವರಿಗೆ ಸುಲಭದ ಗುರುತು: ಪಾನಾವನ್ನು ಮೇಲ್ಮುಖವಾಗಿ ನಿಲ್ಲಿಸಿ ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಬಿಗಿಯಾಗುತ್ತವೆ, ಹಿಂದಕ್ಕೆ ಎಳೆದರೆ ಎರಡೂ ಬಿಚ್ಚುತ್ತವೆ.

ಉಲ್ಟಾ ಥ್ರೆಡ್ ಯಾಕೆ ಅನ್ನುವುದಕ್ಕೆ ‘ಬೇರಿಂಗ್ ತಿರುಗುವಾಗ ಬಿಚ್ಚಿಹೋಗದಿರಲಿ ಅಂತ’ ಎಂದು ಹೇಳುವುದುಂಟು. ಅದು ತಿರುವುಮುರುವು. ಬೇರಿಂಗಿನ ಎಳೆತವೊಂದನ್ನೇ ನೋಡಿದರೆ ಈ ಥ್ರೆಡ್ ಬಿಚ್ಚುವ ದಿಕ್ಕಿಗೇ ಇದೆ! ಅಸಲು ಕಾರಣ ಬೇರೆ: ಪೆಡಲಿನ ದಂಡ ತೂತಿನೊಳಗೆ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. ಕಾಲಿನ ಭಾರ ಸದಾ ಕೆಳಕ್ಕೆ, ಕ್ರ್ಯಾಂಕ್ ಮಾತ್ರ ಸುತ್ತುತ್ತದೆ. ಹಾಗಾಗಿ ಭಾರ ಬೀಳುವ ಜಾಗ ತೂತಿನ ಒಳಗೋಡೆಯಲ್ಲಿ ಸುತ್ತು ಹಾಕುತ್ತದೆ, ದಂಡ ಅದಕ್ಕೆ ವಿರುದ್ಧ ದಿಕ್ಕಿಗೆ ಇಷ್ಟಿಷ್ಟೇ ಉರುಳುತ್ತದೆ. ಉಲ್ಟಾ ಥ್ರೆಡ್ ಇರುವುದರಿಂದ ಆ ಉರುಳುವಿಕೆ ಎಡ ಪೆಡಲನ್ನು ಬಿಗಿ ಮಾಡುವ ಕಡೆಗೆ ಬರುತ್ತದೆ. ಆದರೆ ಇದೆಲ್ಲ ಸರಿಯಾಗಿ ಬಿಗಿ ಮಾಡಿದ ಪೆಡಲಿಗೆ. ಕೈಯಲ್ಲಿ ತಿರುಗಿಸಿ ಸಣ್ಣ ಪಾನಾದಲ್ಲಿ ಅರ್ಧ ಸುತ್ತು ಹಾಕಿ ಬಿಟ್ಟಿದ್ದರೆ ಉಕ್ಕಿನ ದಂಡ ಪ್ರತಿ ತುಳಿತಕ್ಕೂ ಓಲಾಡಿ, ಅಲ್ಯುಮಿನಿಯಂ ಕ್ರ್ಯಾಂಕಿನ ಥ್ರೆಡ್ಡನ್ನು ಅರೆದು ಹಾಕುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಇಲ್ಲವೇ ಮೊದಲ ಸುತ್ತೇ ಓರೆಯಾಗಿ ಹೋಗಿರಬೇಕು.

ಸರಿಯಾದ ಕ್ರಮ ಹೀಗೆ. ಕ್ರ್ಯಾಂಕಿನ ತೂತನ್ನು ಬಟ್ಟೆಯಲ್ಲಿ ಒರೆಸಿ. ದಂಡದ ಥ್ರೆಡ್ಡಿನ ಸುತ್ತ ಕಡಲೆಕಾಳಿನಷ್ಟು ಗ್ರೀಸ್ ಸವರಿ. ಕೈಬೆರಳಲ್ಲೇ ಹಿಂದಕ್ಕೆ ತಿರುಗಿಸಿ. ‘ಟಿಕ್’ ಎಂದು ಥ್ರೆಡ್ ಕೂತದ್ದು ಗೊತ್ತಾದ ಮೇಲೆ ಮುಂದಕ್ಕೆ ತಿರುಗಿಸಿ. ಕನಿಷ್ಠ ನಾಲ್ಕೈದು ಸುತ್ತು ಬರೀ ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಪಾನಾ ಮುಟ್ಟಬೇಡಿ, ಬಿಚ್ಚಿ ಮತ್ತೆ ಶುರುಮಾಡಿ. ಕೊನೆಗೆ 15 ಎಂಎಂ ಪಾನಾದಲ್ಲಿ 35ರಿಂದ 40 ನ್ಯೂಟನ್ ಮೀಟರ್.

ಟಾರ್ಕ್ ವ್ರೆಂಚ್ ಇಲ್ಲವೆಂದರೆ ಬ್ಯಾಗು ತೂಗುವ ಕೊಕ್ಕೆಯ ತಕ್ಕಡಿಯಿಂದ ಕೆಲಸ ನಡೆಯುತ್ತದೆ. ಬೋಲ್ಟಿನ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಪಾನಾಕ್ಕೆ ಕೊಕ್ಕೆ ಹಾಕಿ, ಪಾನಾಕ್ಕೆ ನೇರ ಅಡ್ಡವಾಗಿ ಎಳೆಯಿರಿ. ತಕ್ಕಡಿ 19 ಕೆ.ಜಿ. ತೋರಿಸಿದಾಗ 37 ನ್ಯೂಟನ್ ಮೀಟರ್ ಆಯಿತು. ಲೆಕ್ಕ ಇಷ್ಟೇ: ಕೆ.ಜಿ.ಯನ್ನು ದೂರದಿಂದ (ಮೀಟರಿನಲ್ಲಿ) ಗುಣಿಸಿ, ಮತ್ತೆ 9.8ರಿಂದ ಗುಣಿಸಿ. ಸಣ್ಣ ಅಲನ್ ಕೀಗೂ ಇದೇ ಲೆಕ್ಕ, 7 ಸೆಂ.ಮೀ. ತೋಳಿನ ಕೀಯಲ್ಲಿ 5 ನ್ಯೂಟನ್ ಮೀಟರ್ ಬೇಕೆಂದರೆ ಏಳು ಕೆ.ಜಿ.ಗಿಂತ ತುಸು ಹೆಚ್ಚು.

ಹಾಳಾದ ಥ್ರೆಡ್ಡಿಗೆ ಲಾಕ್‌ಟೈಟ್ ಸುರಿದೋ, ನಲ್ಲಿಯ ಬಿಳಿ ಟೇಪ್ ಸುತ್ತಿಯೋ ಓಡಿಸಬೇಡಿ. ಏರಿನಲ್ಲಿ ನಿಂತು ತುಳಿಯುವಾಗ ಪೆಡಲ್ ಕಿತ್ತುಬಂದರೆ ಬೀಳುವುದು ಮುಖದ ಮೇಲೆ. ತೂತು ದೊಡ್ಡದು ಮಾಡಿ ಹೊಸ ಥ್ರೆಡ್ಡಿನ ಬುಷ್ ಕೂರಿಸಬಹುದು, ಆದರೆ ಉಲ್ಟಾ ಥ್ರೆಡ್ಡಿನ 9/16 ಇಂಚಿನ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಮಾಮೂಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಜೊತೆಗೆ ನಿಮ್ಮ ಎಡ ಕ್ರ್ಯಾಂಕಿನಿಂದಲೇ ಸದ್ದು ಬರುತ್ತಿದೆ. ಹೊಸ ಎಡ ಕ್ರ್ಯಾಂಕ್ ಹಾಕಿಸುವುದೇ ಲೇಸು, ಎರಡೂ ತೊಂದರೆ ಒಟ್ಟಿಗೆ ಮುಗಿಯುತ್ತದೆ. ಹಳೆಯದರ ಹಿಂಬದಿಯಲ್ಲಿ 170 ಅಥವಾ 175 ಎಂದು ಉದ್ದ (ಎಂಎಂ ಲೆಕ್ಕದಲ್ಲಿ) ಕೊರೆದಿರುತ್ತದೆ. ಅದೇ ಉದ್ದದ್ದು, ಅದೇ ಬಗೆಯ ತೂತಿನದ್ದು ತನ್ನಿ.

ಕ್ರ್ಯಾಂಕ್ ಮತ್ತು ಕಾಟರ್ ಪಿನ್

ಈ ಬೆಲೆಯ ಹೆಚ್ಚಿನ ಸೈಕಲ್ಲುಗಳಲ್ಲಿ ಕ್ರ್ಯಾಂಕ್ ಕೂರುವುದು ತುದಿಗೆ ಸಣ್ಣದಾಗುತ್ತಾ ಹೋಗುವ ಚೌಕದ ಆಕ್ಸಲ್ ಮೇಲೆ. ಬೋಲ್ಟ್ ಬಿಗಿ ಮಾಡಿದಂತೆಲ್ಲ ಕ್ರ್ಯಾಂಕ್ ಆ ಇಳಿಜಾರಿನ ಮೇಲೇರಿ ಕಚ್ಚಿಕೊಳ್ಳುತ್ತದೆ. ಬೋಲ್ಟಿನ ಥ್ರೆಡ್ಡಿಗೆ ಮತ್ತು ಅದರ ತಲೆಯ ಅಡಿಗೆ ಗ್ರೀಸ್ ಬೇಕೇ ಬೇಕು. 8 ಎಂಎಂ ಅಲನ್ ಕೀಯಲ್ಲಿ 35ರಿಂದ 50 ನ್ಯೂಟನ್ ಮೀಟರ್. ಕೀಯ ಗಿಡ್ಡ ತೋಳಲ್ಲಿ ಇದು ಸಾಧ್ಯವೇ ಇಲ್ಲ. ಬಾಕ್ಸಿನ ಜೊತೆ ಬರುವ ಪುಟಾಣಿ ಕೀಯಿಂದ ಬಿಗಿ ಮಾಡಿದ ಕ್ರ್ಯಾಂಕುಗಳು ಲೂಸ್ ಆಗುವುದು ಇದಕ್ಕೇ.

ಚೌಕಕ್ಕೆ ಗ್ರೀಸ್ ಹಚ್ಚಬೇಕೋ ಬೇಡವೋ ಅನ್ನುವುದು ಮೆಕ್ಯಾನಿಕ್‌ಗಳ ಮುಗಿಯದ ಜಗಳ. ಗ್ರೀಸಿದ್ದರೆ ಕ್ರ್ಯಾಂಕ್ ಹೆಚ್ಚು ಒಳಕ್ಕೆ ಹೋಗಿ ತೂತು ಹಿಗ್ಗುತ್ತದೆ ಎಂಬುದು ಒಂದು ಕಡೆಯವರ ವಾದ, ಒಣಗಿದ್ದರೆ ಸದ್ದು ಮಾಡುತ್ತದೆ, ತುಕ್ಕು ಹಿಡಿಯುತ್ತದೆ ಎಂಬುದು ಇನ್ನೊಂದು ಕಡೆಯವರದು. ಮಲೆನಾಡಿನ ಮಳೆಗೆ ನಮ್ಮ ಓಟು ಎರಡನೆಯವರಿಗೆ, ಆದರೆ ಷರತ್ತಿನ ಮೇಲೆ: ಬೆರಳಲ್ಲಿ ಸವರಿ ಬಟ್ಟೆಯಲ್ಲಿ ಒರೆಸಿದ ಮೇಲೆ ಉಳಿಯುವಷ್ಟು ಪೊರೆ ಮಾತ್ರ, ಟಾರ್ಕ್ 40 ದಾಟಬಾರದು, ‘ಇನ್ನೊಂಚೂರು’ ಅಂತ ವಾರಕ್ಕೊಮ್ಮೆ ಬಿಗಿ ಮಾಡುತ್ತಾ ಹೋಗಬಾರದು. ಹಾಗೆ ಮಾಡಿದರೆ ಕ್ರ್ಯಾಂಕ್ ಪ್ರತಿ ಸಲವೂ ಮೇಲೇರುತ್ತಾ ಕೊನೆಗೊಂದು ದಿನ ಸೀಳುತ್ತದೆ. ಲೂಸ್ ಕ್ರ್ಯಾಂಕಿನಲ್ಲೇ ಬಹಳ ದಿನ ಓಡಿಸಿದ್ದರೆ ಚೌಕದ ತೂತು ಉರುಟಾಗಿರುತ್ತದೆ. ಅಂಥದ್ದಕ್ಕೆ ಎಷ್ಟು ಟಾರ್ಕ್ ಕೊಟ್ಟರೂ ನಿಲ್ಲುವುದಿಲ್ಲ.

ಹಳೆಯದನ್ನು ಕೀಳಲು ಕ್ರ್ಯಾಂಕ್ ಪುಲ್ಲರ್ ಬೇಕು. ಬೋಲ್ಟನ್ನೂ ವಾಷರನ್ನೂ ತೆಗೆದ ಮೇಲೆ ಪುಲ್ಲರನ್ನು ಅದರ ಕೊನೆಯ ಸುತ್ತಿನವರೆಗೂ ಕ್ರ್ಯಾಂಕಿನೊಳಗೆ ತಿರುಗಿಸಿ. ಎರಡು ಸುತ್ತಿಗೇ ನಿಲ್ಲಿಸಿ ನೂಕಿದರೆ ಕ್ರ್ಯಾಂಕಿನ ಥ್ರೆಡ್ಡೇ ಕಿತ್ತುಬರುತ್ತದೆ, ಆಮೇಲೆ ಗರಗಸವೇ ಗತಿ. ಬಿಬಿ (ಬಾಟಮ್ ಬ್ರ್ಯಾಕೆಟ್, ಅಂದರೆ ಕ್ರ್ಯಾಂಕಿನ ಆಕ್ಸಲ್ ತಿರುಗುವ ಬೇರಿಂಗ್) ಕಪ್ಪಿನ ತನಕ ಹೋಗುವುದಾದರೆ ನೆನಪಿರಲಿ: ನಮ್ಮಲ್ಲಿ ಸಾಮಾನ್ಯವಾಗಿರುವ ಬಿಎಸ್‌ಎ ಥ್ರೆಡ್ಡಿನಲ್ಲಿ ಚೈನಿನ ಕಡೆಯ, ಅಂದರೆ ಬಲಗಡೆಯ ಕಪ್ ಉಲ್ಟಾ. ಪೆಡಲಿಗೆ ಎಡ ಉಲ್ಟಾ, ಇಲ್ಲಿ ಬಲ. ಕಪ್ ಕೂರುವ ಫ್ರೇಮಿನ ಚಿಪ್ಪಿನೊಳಗೆ ಧಾರಾಳವಾಗಿ ಗ್ರೀಸ್ ಹಚ್ಚಿ, ಮಳೆನೀರು ಸೀಟ್ ಪೈಪಿನಿಂದ ಇಳಿದು ನಿಲ್ಲುವ ಜಾಗ ಅದೇ.

ಅಪ್ಪನ ಕಪ್ಪು ಸೈಕಲ್ಲಿನದ್ದು ಬೇರೆಯೇ ಲೆಕ್ಕ, ಅಲ್ಲಿ ಕ್ರ್ಯಾಂಕನ್ನು ಹಿಡಿಯುವುದು ಕಾಟರ್ ಪಿನ್ ಎಂಬ ಬೆಣೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ನಟ್ ತಿರುಗಿಸಿ ಪಿನ್ನನ್ನು ಒಳಕ್ಕೆ ಎಳೆಯುವುದು. ಆ ಸಣ್ಣ ಥ್ರೆಡ್ ಇರುವುದು ಪಿನ್ ಹಿಂದಕ್ಕೆ ಬರದಂತೆ ತಡೆಯಲು, ಎಳೆಯಲು ಅಲ್ಲ. ಬಲ ಹಾಕಿದರೆ ತುಂಡಾಗುತ್ತದೆ. ಪಿನ್ನಿಗೆ ಒಂದು ಹನಿ ಎಣ್ಣೆ ಸವರಿ ಹಾಕಿ, ಕ್ರ್ಯಾಂಕಿನ ಕೆಳಗೆ ನೆಲಕ್ಕೆ ತಾಗುವ ಹಾಗೆ ಗಟ್ಟಿ ಪೈಪಿನ ತುಂಡು ಆನಿಸಿ, ಸುತ್ತಿಗೆಯಲ್ಲಿ ಮೂರ್ನಾಲ್ಕು ಸರಿಯಾದ ಏಟು ಕೊಡಿ. ಪೈಪ್ ಆನಿಸದೆ ಹೊಡೆದರೆ ಏಟೆಲ್ಲ ಬೇರಿಂಗ್ ಗುಂಡುಗಳಿಗೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಆಮೇಲೆ ವಾಷರ್ ಹಾಕಿ ನಟ್ ಮಿತವಾಗಿ ಬಿಗಿ ಮಾಡಿ. 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಡಿದು, ಸಡಿಲವಾದ ನಟ್ಟನ್ನು ಕೂರಿಸಿ. ಎರಡೂ ಕಡೆಯ ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹೋಗಬೇಕು. ಹಾಗೆ ಹೋಗದಿದ್ದರೆ ಎರಡು ಕ್ರ್ಯಾಂಕೂ ಒಂದೇ ನೇರಕ್ಕೆ ಬರುವುದಿಲ್ಲ, ತುಳಿಯುವಾಗಲೇ ಕಾಲಿಗೆ ಗೊತ್ತಾಗುತ್ತದೆ.

ಹ್ಯಾಂಡಲ್

ಇಳಿಜಾರಿಗೆ ಹೋಗುವವರು ಎಲ್ಲಕ್ಕಿಂತ ಗಮನ ಕೊಡಬೇಕಾದ ಜಾಗ ಇದು. ಸ್ಟೆಮ್ಮಿನ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) ನೆತ್ತಿಯಲ್ಲಿರುವ ಬೋಲ್ಟ್ ಹ್ಯಾಂಡಲನ್ನು ಹಿಡಿಯುವುದಿಲ್ಲ. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ) ಬೇರಿಂಗಿನ ಆಟ ತೆಗೆಯುವುದಷ್ಟೇ ಅದರ ಕೆಲಸ. ಪಕ್ಕದ ಎರಡು ಬೋಲ್ಟ್ ಸಡಿಲ ಇರುವಾಗ ನೆತ್ತಿಯದ್ದನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಹೋಗಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆಮುಂದೆ ನೂಕಿದಾಗ ಕಟಕಟ ನಿಂತು, ಹ್ಯಾಂಡಲ್ ಇನ್ನೂ ಹಗುರವಾಗಿ ತಿರುಗುತ್ತಿದ್ದರೆ ಅಲ್ಲಿಗೆ ಸಾಕು. ಆಮೇಲೆ ಪಕ್ಕದ ಬೋಲ್ಟುಗಳನ್ನು ಒಂದಾದ ಮೇಲೊಂದು ಬಿಗಿ ಮಾಡಿ. ಕ್ರಮ ತಪ್ಪಿಸಿದವರ ಹ್ಯಾಂಡಲ್ ಒಂದೋ ಕಲ್ಲಿನಂತೆ ಗಟ್ಟಿ, ಇಲ್ಲವೋ ಸದಾ ಕಟಕಟ.

ಹ್ಯಾಂಡಲ್ ಹಿಡಿಯುವ ಮುಂದಿನ ನಾಲ್ಕು ಎಂ5 (5 ಎಂಎಂ ದಪ್ಪದ) ಬೋಲ್ಟುಗಳಿಗೆ 5ರಿಂದ 6 ನ್ಯೂಟನ್ ಮೀಟರ್. ಸ್ಟೆಮ್ ಮೇಲೇ ಸಂಖ್ಯೆ ಬರೆದಿದ್ದರೆ ಅದೇ ಅಂತಿಮ. ಥ್ರೆಡ್ಡಿಗೆ ಮಾತ್ರ ಗ್ರೀಸ್. ಹ್ಯಾಂಡಲ್ ಪೈಪಿಗಾಗಲಿ ಸ್ಟೆಮ್ ಒಳಮೈಗಾಗಲಿ ಬೇಡ, ಗುಂಡಿಗೆ ಬಿದ್ದಾಗ ಹ್ಯಾಂಡಲ್ ಜಾರಿ ಕೆಳಕ್ಕೆ ತಿರುಗುತ್ತದೆ. ಮೂಲೆಯಿಂದ ಮೂಲೆಗೆ ಬಿಗಿ ಮಾಡುತ್ತಾ ಮೇಲಿನ ಸಂದು, ಕೆಳಗಿನ ಸಂದು ಸಮ ಇದೆಯೇ ನೋಡುತ್ತಿರಿ. ಇಂಥ ಬೋಲ್ಟುಗಳಿಗೆ ಗ್ರೀಸ್ ಹಚ್ಚಿ ಉದ್ದ ಹಿಡಿಯ ಪಾನಾದಲ್ಲಿ ತಿರುಗಿಸುವುದು ಅಪಾಯ. ತಿಕ್ಕಾಟ ಕಮ್ಮಿ ಇರುವುದರಿಂದ ಬೋಲ್ಟ್ ಬೇಗ ಎಳೆದುಕೊಳ್ಳುತ್ತದೆ, ಪಟ್ಟನೆ ತುಂಡಾಗುತ್ತದೆ.

ಕಾರ್ಬನ್ ಭಾಗಗಳಿಗೆ ಗ್ರೀಸ್ ನಿಷಿದ್ಧ, ಅದಕ್ಕೆಂದೇ ಮರಳಿನಂತಹ ಕಣವಿರುವ ಪೇಸ್ಟ್ ಬರುತ್ತದೆ. ಬ್ರೇಕ್ ಮತ್ತು ಗೇರ್ ಕೇಬಲ್ ಕಚ್ಚುವ ಬೋಲ್ಟಿನ ಥ್ರೆಡ್ಡಿಗೆ ಗ್ರೀಸ್ ಸರಿ, ತಂತಿ ಕೂರುವ ಜಾಗ ಒಣಗಿರಲಿ.

ಅಂಟು ಎಲ್ಲಿ, ಎಷ್ಟು

ಲಾಕ್‌ಟೈಟ್ ಬಗೆಯ ಅಂಟುಗಳು ಗಾಳಿ ಇಲ್ಲದ, ಲೋಹ ತಾಗುವ ಸಂದಿನಲ್ಲಿ ಮಾತ್ರ ಗಟ್ಟಿಯಾಗುತ್ತವೆ. ಬಾಟಲಿ ತುಂಬಿಸದೆ ಅರ್ಧ ಗಾಳಿ ಬಿಟ್ಟು ಮಾರುವುದು ಮೋಸವಲ್ಲ, ಗಾಳಿ ಇಲ್ಲದಿದ್ದರೆ ಒಳಗೇ ಗಟ್ಟಿಯಾದೀತು. ನೇರಳೆ ಬಣ್ಣದ 222 ತೀರಾ ಸಣ್ಣ ಸ್ಕ್ರೂಗಳಿಗೆ. ನೀಲಿಯ 243 ಸೈಕಲ್ಲಿನ ಬಹುತೇಕ ಎಲ್ಲಾ ಕೆಲಸಕ್ಕೆ. ಕೈಪಾನಾದಲ್ಲಿ ಬಿಚ್ಚಲು ಬರುತ್ತದೆ. ಕೆಂಪಿನ 271 ಸೈಕಲ್ ಇರುವ ಮನೆಗೇ ಬೇಡ. ಅದನ್ನು ಬಿಚ್ಚಲು 250 ಡಿಗ್ರಿ ತನಕ ಕಾಯಿಸಬೇಕು, ಅಷ್ಟರಲ್ಲಿ ಫ್ರೇಮಿನ ಪೇಂಟ್, ಪಕ್ಕದ ರಬ್ಬರ್ ಎಲ್ಲ ಹೋಗಿರುತ್ತದೆ.

ನೀಲಿ ಬೇಕಾಗುವುದು ಡಿಸ್ಕ್ ಬ್ರೇಕಿನ ರೋಟರಿನ (ಚಕ್ರದ ಜೊತೆ ತಿರುಗುವ ತಟ್ಟೆ) ಆರು ಬೋಲ್ಟಿಗೆ, ಬ್ರೇಕ್ ಕ್ಯಾಲಿಪರ್ (ಪ್ಯಾಡುಗಳನ್ನು ಒತ್ತುವ ಭಾಗ) ಫ್ರೇಮಿಗೆ ಕೂರುವ ಬೋಲ್ಟಿಗೆ, ಹಿಂದಿನ ಡಿರೇಲರಿನ (ಗೇರ್ ಬದಲಿಸಲು ಚೈನ್ ಸರಿಸುವ ಭಾಗ) ಪುಟ್ಟ ಚಕ್ರಗಳ ಬೋಲ್ಟಿಗೆ, ಫ್ರೇಮಿನ ಥ್ರೆಡ್ಡಿಗೇ ನೇರ ಹೋಗುವ ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಬೋಲ್ಟಿಗೆ. ರೋಟರ್ ಬೋಲ್ಟುಗಳಿಗೆ ಕಾರ್ಖಾನೆಯಲ್ಲೇ ನೀಲಿ ಪಟ್ಟೆ ಬಳಿದಿರುತ್ತಾರೆ. ಮೊದಲ ಸಲ ಹಾಕುವಾಗ ಬೇರೇನೂ ಬೇಡ, ಒಂದೆರಡು ಬಾರಿ ಬಿಚ್ಚಿ ಹಾಕಿದ ಮೇಲೆ ಹಳೆಯದನ್ನು ಉಜ್ಜಿ ತೆಗೆದು ಹೊಸ ಹನಿ ಹಾಕಿ. ಶಿಮಾನೊ ಹೇಳುವುದು ಇಲ್ಲಿ 2ರಿಂದ 4 ನ್ಯೂಟನ್ ಮೀಟರ್, ಕೆಲವು ಕಂಪನಿಗಳದ್ದು 6ರ ಆಸುಪಾಸು. ಅಷ್ಟು ಕಡಿಮೆ ಬಿಗಿ ಇರುವುದಕ್ಕೇ ಅಂಟು ಬೇಕಾಗುವುದು. ರೋಟರಿನ ಹತ್ತಿರ ಕೆಲಸ ಮಾಡುವಾಗ ಗ್ರೀಸ್ ಡಬ್ಬ ದೂರ ಇಡಿ. ಬೆರಳಿನ ಜಿಡ್ಡು ಪ್ಯಾಡಿಗೆ ತಾಗಿದರೂ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ.

ಹಾಕುವ ಮೊದಲು ಥ್ರೆಡ್ಡನ್ನು ಥಿನ್ನರ್ ಅಥವಾ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಸೀಮೆಎಣ್ಣೆ ಬೇಡ, ಜಿಡ್ಡು ಉಳಿಯುತ್ತದೆ. ಎಂ5 ಬೋಲ್ಟಿಗೆ ಒಂದೇ ಹನಿ, ಅದೂ ನಟ್ ಬಂದು ಕೂರುವ ಜಾಗಕ್ಕೆ. ತಳ ಮುಚ್ಚಿದ ತೂತಾದರೆ ಹನಿಯನ್ನು ತೂತಿನೊಳಗೇ ಹಾಕಿ. ಬೋಲ್ಟಿಗೆ ಹಚ್ಚಿದರೆ ಒಳಗಿನ ಗಾಳಿ ಅದನ್ನು ಹೊರಕ್ಕೆ ನೂಕಿಬಿಡುತ್ತದೆ. ಪೂರ್ತಿ ಗಟ್ಟಿಯಾಗಲು 24 ಗಂಟೆ. ಸ್ಟೇನ್‌ಲೆಸ್ ಬೋಲ್ಟಿಗೆ, ಚಳಿಗಾಲದ ರಾತ್ರಿಗೆ, ಇನ್ನಷ್ಟು ಹೊತ್ತು ಹಿಡಿಯುತ್ತದೆ. ಪ್ಲಾಸ್ಟಿಕ್ ಮೇಲೆ ಬೀಳದಿರಲಿ, ಕೆಲವು ಬಗೆಯ ಪ್ಲಾಸ್ಟಿಕ್ ಇದರಿಂದ ಬಿರುಕು ಬಿಡುತ್ತದೆ.

ಡೇರಿಗೆ ಹಾಲಿನ ಕ್ಯಾನ್ ಹೊರುವ ಕ್ಯಾರಿಯರಿನಲ್ಲಿ ಬೋಲ್ಟಿನ ಹಿಂದೆ ನಟ್ ಹಾಕಲು ಜಾಗ ಇದ್ದರೆ ಅಂಟಿಗಿಂತ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ ನಟ್) ಮೇಲು. ಬೋಲ್ಟಿನ ತುದಿ ನೈಲಾನ್ ಉಂಗುರ ದಾಟಿ ಒಂದೆರಡು ಥ್ರೆಡ್ ಹೊರಗೆ ಕಾಣಬೇಕು. ಕೈಬೆರಳಲ್ಲೇ ಕೊನೆತನಕ ತಿರುಗಿದರೆ ಆ ನಟ್ ಸತ್ತಿದೆ, ಹೊಸದು ಹಾಕಿ. ಕ್ಯಾರಿಯರ್ ಬೋಲ್ಟ್ ತುಂಡಾಗುವುದು ಭಾರಕ್ಕಲ್ಲ. ಮೊದಲು ಲೂಸ್ ಆಗಿ, ಆಮೇಲೆ ಬಾಗಿ ಬಾಗಿ.

ಚಕ್ರದ ಕಡ್ಡಿಗೆ ಗ್ರೀಸೂ ಬೇಡ, ಲಾಕ್‌ಟೈಟೂ ಬೇಡ. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್ಸೀಡ್ ಎಣ್ಣೆಯಲ್ಲಿ ಥ್ರೆಡ್ ಅದ್ದಿ ನಿಪ್ಪಲ್ (ಕಡ್ಡಿಯ ತುದಿಯ ನಟ್) ತಿರುಗಿಸುವುದು ಹಳೆಯ ಪದ್ಧತಿ, ಈಗಲೂ ಅದಕ್ಕೆ ಸಮನಿಲ್ಲ: ಕಟ್ಟುವಾಗ ಜಾರುತ್ತದೆ, ಕೆಲವು ದಿನಕ್ಕೆ ಒಣಗಿ ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ, ಇಲ್ಲವೇ ಬಿಡಿಸಿ ಹರವಿ.

ಗಿರಿಗೆ ಹೊರಡುವ ಮುನ್ನ

ಹೊಸ ಸೈಕಲ್ಲಿನ ಭಾಗಗಳು ಮೊದಲ ಕೆಲವು ದಿನ ಕೂತು ಒಗ್ಗುತ್ತವೆ, ಎಳೆತ ಸ್ವಲ್ಪ ಇಳಿಯುತ್ತದೆ. 50ರಿಂದ 100 ಕಿ.ಮೀ. ಊರಲ್ಲೇ ಓಡಿಸಿ ಪೆಡಲ್, ಕ್ರ್ಯಾಂಕ್, ಸ್ಟೆಮ್, ಕ್ಯಾಲಿಪರ್, ರೋಟರ್, ಚಕ್ರದ ನಟ್ ಎಲ್ಲವನ್ನೂ ಒಮ್ಮೆ ಅದೇ ಟಾರ್ಕಿಗೆ ನೋಡಿ. ಚೌಕದ ಕ್ರ್ಯಾಂಕಿಗೂ ಈ ಒಂದು ಸಲ ಸರಿ, ಅದಕ್ಕಿಂತ ಮೇಲೆ ಬೇಡ. ಆಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಭಾಗದವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಎಂದರ್ಥ, ಪಾನಾ ಇಲ್ಲದೆಯೇ ಗೊತ್ತಾಗುತ್ತದೆ.

ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿಂದ ಊರಿಗೆ ಸುಮಾರು 800 ಮೀಟರ್ ಇಳಿತ, ಬಹುಪಾಲು ಬ್ರೇಕ್ ಮೇಲೆಯೇ. ಮೇಲೆ ತಲುಪಿದಾಗ ಕ್ಯಾಲಿಪರ್, ರೋಟರ್, ಸ್ಟೆಮ್, ಮುಂದಿನ ಚಕ್ರದ ಗೆರೆ ನೋಡಿಯೇ ಇಳಿಯಿರಿ. ಹತ್ತುವಾಗ ತಡವಾದರೂ ಪರವಾಗಿಲ್ಲ, ಈ ನಾಲ್ಕನ್ನು ಬಿಡಬೇಡಿ. 4, 5, 6 ಎಂಎಂ ಅಲನ್ ಕೀ, ಟಿ25 (ನಕ್ಷತ್ರದ ತುದಿಯ) ಕೀ ಜೇಬಿನಲ್ಲಿರಲಿ; ಚಕ್ರಕ್ಕೆ ನಟ್ ಇದ್ದರೆ ಅದರ ಪಾನಾ ಕೂಡ.